ಕೆಟ್ಟ ಹಾರ್ಡ್ ಡಿಸ್ಕ್: ಪರೀಕ್ಷೆ ಮತ್ತು ಮಾಹಿತಿಯ ಉದ್ಧಾರ

ಭಟ್ಕಳ, ಹೊನ್ನಾವರ, ಕುಮಟಾಗಳ ಮಳೆಗಾಲದ ತೇವವು ಹಿಂದೆ ತಾಳೆಗರಿಗೂ ಕಾಗದಕ್ಕೂ ಶತ್ರುವಾಗಿತ್ತು. ಹಳೆಯ ವಿದ್ಯಾರ್ಥಿಗಳ ಭಾವಚಿತ್ರಗಳನ್ನೂ ಶಾಲೆಯ ದಾಖಲೆಗಳನ್ನೂ ಒಡಲಲ್ಲಿಟ್ಟುಕೊಂಡಿರುವ ಇಂದಿನ ಹಾರ್ಡ್ ಡಿಸ್ಕಿಗೂ ಅದು ಹಿತವಲ್ಲ.

ಈ ಪೆಟ್ಟಿಗೆಯೊಳಗೆ ಕಾಂತೀಯ ಲೇಪವುಳ್ಳ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತವೆ. ಓದುವ ತಲೆಯು ತಟ್ಟೆಯನ್ನು ಮುಟ್ಟದೆ, ಕೂದಲೆಳೆಯ ದಪ್ಪದ ಸಾವಿರದ ಒಂದು ಪಾಲಿಗಿಂತಲೂ ಕಿರಿದಾದ ಅಂತರದಲ್ಲಿ ತೇಲುತ್ತದೆ. ಕೈಜಾರಿ ಬಿದ್ದರೆ ತಲೆಯು ತಟ್ಟೆಯನ್ನು ಗೀಚಬಹುದು. ಗೀಚಿದೆಡೆಯ ಮಾಹಿತಿ ಮರಳಿ ಬಾರದು.

ಆದುದರಿಂದ ಮೊದಲು ಪರೀಕ್ಷೆ, ಅನಂತರ ಚಿಕಿತ್ಸೆ. ಡಿಸ್ಕು ಕಾಣಿಸದಿದ್ದರೆ ಬೇರೆ ಕೇಬಲನ್ನೂ ಬೇರೆ ಗಣಕಯಂತ್ರವನ್ನೂ ಬಳಸಿ ನೋಡಬೇಕು. ಎಷ್ಟೋ ವೇಳೆ ದೋಷವು ಅಲ್ಲಿಯೇ ಇರುತ್ತದೆ. 'ಟಿಕ್ ಟಿಕ್' ಸದ್ದು ಮರುಕಳಿಸಿದರೆ ಕೂಡಲೇ ವಿದ್ಯುತ್ತನ್ನು ತಪ್ಪಿಸಿ ಪರಿಣತರಿಗೆ ಒಪ್ಪಿಸಬೇಕು. ಧೂಳಿಲ್ಲದ ವಿಶೇಷ ಕೊಠಡಿಯ ಹೊರಗೆ ಅದನ್ನು ಬಿಚ್ಚಲಾಗದು. ಫ್ರೀಜರಿನಲ್ಲಿಡುವ ಉಪಾಯವು ಕರಾವಳಿಯಲ್ಲಂತೂ ಅಪಾಯಕರ. ಹೊರತೆಗೆದೊಡನೆ ಗಾಳಿಯ ತೇವ ಅದರ ಮೇಲೆ ಹನಿಗಟ್ಟುತ್ತದೆ.

ಸದ್ದಿಲ್ಲದೆ, ಆದರೆ ತಡೆತಡೆದು ಓದುವ ಡಿಸ್ಕಾದರೆ, ಫಾರ್ಮ್ಯಾಟ್ ಮಾಡಬಹುದೇ ಎಂಬ ಗಣಕದ ಪ್ರಶ್ನೆಗೆ ಒಪ್ಪಬಾರದು. ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶದಿಂದ ಇಡೀ ಡಿಸ್ಕನ್ನು ಮತ್ತೊಂದಕ್ಕೆ ನಕಲಿಸಬೇಕು. ಅದು ಸುಲಭವಾಗಿ ಓದಬರುವ ಭಾಗವನ್ನು ಮೊದಲು ಪಡೆದು, ಕೆಟ್ಟ ಭಾಗಕ್ಕೆ ಕೊನೆಯಲ್ಲಿ ಕೈಯಿಡುತ್ತದೆ. ಕಡತಗಳ ಶೋಧನೆಯನ್ನು ಆ ನಕಲಿನಲ್ಲಿ ನಡೆಸಬೇಕೇ ಹೊರತು ಮೂಲದಲ್ಲಲ್ಲ.

ಎಲ್ಲಕ್ಕೂ ಮಿಗಿಲಾದ ಪಾಠವೊಂದಿದೆ. ಗರಿ ಶಿಥಿಲವಾಗುವ ಮೊದಲೇ ಲಿಪಿಕಾರರು ಹೊಸ ಗರಿಯಲ್ಲಿ ಪ್ರತಿ ಮಾಡಿದುದರಿಂದ ನಮ್ಮ ಗ್ರಂಥಗಳು ಉಳಿದುವು. ನಾವೂ ಮೂರು ಪ್ರತಿಗಳನ್ನಿರಿಸೋಣ. ಅವುಗಳಲ್ಲೊಂದು ಬೇರೆ ಊರಿನಲ್ಲಿರಲಿ.