ಚಳಿ ತಡೆಯುವ ಗಿಡ, ಬರ ತಡೆಯುವ ಬೇರು



ಗಾಂಧಿ ಚೌಕಕ್ಕೆ ಹೋದಾಗ ನಾವು ಬ್ಲ್ಯಾಕ್ ಕರಂಟ್ ಐಸ್‌ಕ್ರೀಮ್ ಕೇಳುತ್ತೇವೆ. ಅದು ಕರಿ ದ್ರಾಕ್ಷಿ ಅಂತ ಭಾಳ ಮಂದಿ ತಿಳಿದಾರ. ಅಲ್ಲ, ಅದು ಬ್ಯಾರೆ ಗಿಡ. ಬಳ್ಳಿಯಲ್ಲ, ಪೊದೆ. ಸ್ವೀಡನ್, ಫಿನ್ಲೆಂಡ್, ರಷ್ಯಾದಂಥ ಹಿಮದ ದೇಶಗಳಲ್ಲಿ ಬೆಳೆಯುತ್ತದೆ. ಅದರ ಗಟ್ಟಿ ತಳಿಗಳು ಸೊನ್ನೆಗಿಂತ 30 ಡಿಗ್ರಿ ಕೆಳಗಿನ ಚಳಿಯನ್ನೂ ತಡೆಯುತ್ತವೆ. ತಡೆಯುವುದಷ್ಟೇ ಅಲ್ಲ, ಅದಕ್ಕೆ ಚಳಿ ಬೇಕೇ ಬೇಕು. ಚಳಿಗಾಲದಲ್ಲಿ ಸಾಕಷ್ಟು ದಿನ ನಿದ್ದೆ ಮಾಡದಿದ್ದರೆ ಮೊಗ್ಗು ಸರಿಯಾಗಿ ಒಡೆಯುವುದಿಲ್ಲ. ಅದಕ್ಕೇ ನಮ್ಮ ತಿಕೋಟಾ, ಬಬಲೇಶ್ವರದ ಹೊಲದಾಗ ಅದು ಬರೂದಿಲ್ಲ.

ನಮ್ಮ ದ್ರಾಕ್ಷಿಗೆ ಚಳಿಯ ಚಿಂತೆ ಕಡಿಮೆ. ಬರ ಮತ್ತು ಸವಳು ನೀರೇ ಅದರ ವೈರಿಗಳು. ಇವನ್ನು ತಡೆಯುವ ಶಕ್ತಿ ಇರುವುದು ಬೇರಿನಲ್ಲಿ. ಮೇಲೆ ಥಾಮ್ಸನ್ ಸೀಡ್‌ಲೆಸ್ ಹಣ್ಣು ಕಂಡರೂ, ಎಷ್ಟೋ ತೋಟಗಳಲ್ಲಿ ಕೆಳಗಿನ ಬೇರು ಡಾಗ್‌ರಿಡ್ಜ್ ಎಂಬ ಬೇರೆ ಬಳ್ಳಿಯದು. ಇದರ ಮೂಲ ಅಮೆರಿಕದ ಟೆಕ್ಸಾಸ್. ಇದರ ಗುಣಗಳು:

1. ನೀರು ಕಡಿಮೆಯಾದರೂ ತಾಳಿಕೊಳ್ಳುತ್ತದೆ.
2. ಸವಳನ್ನು ಥಾಮ್ಸನ್ನಿನ ಸ್ವಂತ ಬೇರಿಗಿಂತ ಹೆಚ್ಚು ತಡೆಯುತ್ತದೆ.
3. ಬೇರಿನಲ್ಲಿ ಗಂಟು ಕಟ್ಟಿಸುವ ಜಂತುಹುಳಕ್ಕೆ ಸುಲಭವಾಗಿ ಸೋಲುವುದಿಲ್ಲ.

ದೋಷಗಳೂ ಇವೆ. ಬಳ್ಳಿ ಸೊಕ್ಕಿ ಬೆಳೆಯುತ್ತದೆ. ನೀರು, ಗೊಬ್ಬರ ಹೆಚ್ಚಾದರೆ ಎಲೆ ಹೆಚ್ಚು, ಗೊನೆ ಕಡಿಮೆ. ಮಣ್ಣಿನಲ್ಲಿ ಸೋಡಿಯಂ ವಿಪರೀತವಾದರೆ ಡಾಗ್‌ರಿಡ್ಜ್ ಕೂಡ ಸೋಲುತ್ತದೆ. ಅಂಥ ನೆಲಕ್ಕೆ 110 ಆರ್ ಎಂಬ ಇನ್ನೊಂದು ಬೇರು ಉತ್ತಮ ಎನ್ನುತ್ತಾರೆ.

ಕಸಿ ಮಾಡುವ ವಿಧಾನ ಹೀಗಿದೆ. ಮೊದಲು ಬೇರಿನ ಸಸಿ ನೆಡುತ್ತಾರೆ. ಕಾಂಡ ಪೆನ್ಸಿಲ್ ದಪ್ಪ ಆದಾಗ, ಆಗಸ್ಟ್-ಸೆಪ್ಟೆಂಬರ್ ಸುಮಾರಿಗೆ, ಅದನ್ನು ಕತ್ತರಿಸಿ ಸೀಳುತ್ತಾರೆ. ಥಾಮ್ಸನ್ ಕಡ್ಡಿಯ ತುದಿಯನ್ನು ಬೆಣೆಯಂತೆ ಕೆತ್ತಿ ಅದರೊಳಗೆ ಕೂಡಿಸಿ ಬಿಗಿಯಾಗಿ ಕಟ್ಟುತ್ತಾರೆ. ಬೇರು ಬ್ಯಾರೆಯದಾದರೂ ಹಣ್ಣು ಥಾಮ್ಸನ್ನಿನದೇ, ಅದರಾಗ ಬೀಜ ಬರೂದಿಲ್ಲ.

ಒಮ್ಮೆ ನೆಟ್ಟರೆ ತೋಟ ಹತ್ತು ವರ್ಷಕ್ಕೂ ಹೆಚ್ಚು ನಿಲ್ಲಬೇಕು. ಚಪ್ಪರ, ಬೋರು, ಹನಿ ನೀರಾವರಿಗೆಂದು ಮನೆಯವರು ಸಾಲ ಮಾಡಿರುತ್ತಾರೆ. ಹಣ್ಣಿನ ತಳಿ ಬೇಡವೆಂದರೆ ಮೇಲೆ ಮತ್ತೆ ಕಸಿ ಕಟ್ಟಬಹುದು. ಬೇರು ತಪ್ಪಿದರೆ ತೋಟವನ್ನೇ ಕೀಳಬೇಕು, ಸಾಲ ಮಾತ್ರ ಉಳಿಯುತ್ತದೆ. ಆದ್ದರಿಂದ ನನ್ನ ವಿನಂತಿ ಇಷ್ಟೇ: ಮನ್ಯಾಗ ಹೊಸ ತೋಟದ ಮಾತು ಬಂದರೆ, "ಅಪ್ಪಾ, ಮಣ್ಣು ಮತ್ತು ಬೋರಿನ ನೀರು ಪರೀಕ್ಷೆ ಮಾಡಿಸಿದಿ ಏನು? ಬೇರು ಯಾವುದು ಹಚ್ತಿ?" ಅಂತ ಕೇಳ್ರಿ. ಹಣ್ಣಿನ ಹೆಸರು ಆಮೇಲೆ ಕೇಳಿದರೂ ನಡೀತದ.