ಪಂಕ್ತಿಯಲ್ಲಿ ಕೂತ ಫೋಟೊಗಳು

“ಏನಪ್ಪಾ, ನಮ್ಮ ಬಸವಣ್ಣನ್ನ ಹರಿಹರದ ಸೇತುವೆ ಮಾಡಿಬಿಟ್ಟೀಯಲ್ಲೋ?”

ದಾವಣಗೆರೆಯ ಆನೆಕೊಂಡದ ಹಿರಿಯರೊಬ್ಬರು ಫೋನಿನಲ್ಲಿ ನಗುತ್ತಲೇ ಕೇಳಿದರು. ನನ್ನ ವೆಬ್ ಪುಟ ತೆರೆದು ನೋಡಿದರೆ ನಂದಿಯ ಚಿತ್ರದ ಕೆಳಗೆ ‘ತುಂಗಭದ್ರಾ ಸೇತುವೆ, ಹರಿಹರ’ ಎಂದಿತ್ತು. ಅಲ್ಲಿಂದ ಮುಂದೆ ಹೆಸರುಗಳೆಲ್ಲ ಒಂದೊಂದು ಮನೆ ತಪ್ಪಿದ್ದವು.

ಆನೆಕೊಂಡದ ಹಳೆಯ ಈಶ್ವರ ಗುಡಿ, ಶ್ರಾವಣದಲ್ಲಿ ಭವಿಷ್ಯ ನುಡಿಯುವ ಕಾರ್ಣಿಕ, ಹರಿಹರದ ಹೊಳೆದಂಡೆ ಎಂದು ಸುತ್ತಾಡಿ ತೆಗೆದ 48 ಫೋಟೊಗಳ ಗ್ಯಾಲರಿ ಅದು. ನಾನು ಅದನ್ನು ಟೇಬಲ್ ಹಾಕಿ ಕಟ್ಟಿದ್ದೆ: ಒಂದು ಸಾಲಿನಲ್ಲಿ ನಾಲ್ಕು ಫೋಟೊ, ಕೆಳಗಿನ ಸಾಲಿನಲ್ಲಿ ಅವುಗಳ ಹೆಸರು. 1024 ಪಿಕ್ಸೆಲ್ ಅಗಲದ ನನ್ನ ಮಾನಿಟರಿನಲ್ಲಿ ಚುಕ್ಕಿ ರಂಗೋಲಿಯಷ್ಟು ಅಚ್ಚುಕಟ್ಟು. ಆದರೆ ನಡುವೆ ಒಂದು ಫೋಟೊ ಸೇರಿಸಿದರೆ ಮುಂದಿನವನ್ನೆಲ್ಲ ಕೈಯಾರೆ ಸರಿಸಬೇಕು, ಹೆಸರುಗಳನ್ನು ಮತ್ತೊಮ್ಮೆ ಸರಿಸಬೇಕು. ಆ ಫೋನಿನ ಹಿಂದಿನ ರಾತ್ರಿ ಫೋಟೊ ಸರಿಸಿ, ಹೆಸರು ಮರೆತು ಮಲಗಿದ್ದೆ.

ಕಣ್ಣು ಕಾಣದ ಮೇಷ್ಟ್ರೊಬ್ಬರು ಇನ್ನೊಂದು ಹುಳುಕು ತೋರಿಸಿದರು. ಅವರ ಸ್ಕ್ರೀನ್ ರೀಡರ್ ಕೋಡಿನಲ್ಲಿರುವ ಕ್ರಮದಲ್ಲೇ ಓದುತ್ತದೆ: ಮೊದಲು ನಾಲ್ಕು ಚಿತ್ರ, ಆಮೇಲೆ ನಾಲ್ಕು ಹೆಸರು. “ಯಾವುದು ಯಾವುದಕ್ಕೆ ಅಂತ ಬೆರಳು ಎಣಿಸ್ಕೊಂಡು ಕೇಳಬೇಕೇನ್ರಿ?” ಎಂದರು. ಮೊದಲ ಪಾಠ ಅಲ್ಲೇ ಆಯಿತು. ಫೋಟೊವನ್ನೂ ಅದರ ಹೆಸರನ್ನೂ ಒಂದೇ ‘ಫಿಗರ್’ ಟ್ಯಾಗಿನೊಳಗೆ ಇಟ್ಟೆ. ಒಂದು ಹೋದಲ್ಲಿ ಇನ್ನೊಂದೂ ಹೋಗಬೇಕು.

ಟೇಬಲ್ ತೆಗೆದು ಹಾಕಿ, ಫೋಟೊ ಜೋಡಿಸಲು ‘ಫ್ಲೋಟ್’ ಎಂಬ ವಿಧಾನ ಹಿಡಿದೆ. ನಮ್ಮ ಕಡೆಯ ಮದುವೆ ಊಟದ ಪಂಕ್ತಿ ಇದ್ದ ಹಾಗೆ ಅದು. ಒಂದು ಸಾಲು ತುಂಬಿದರೆ ಮುಂದಿನವರು ತಾವಾಗಿ ಇನ್ನೊಂದು ಸಾಲಿಗೆ ಕೂರುತ್ತಾರೆ. ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ. ‘ಪೋಲಾಳ್ವ ದಂಡನಾಯಕ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಸ್ಥಾನದ ರಂಗಮಂಟಪ’ ಎಂಬ ನನ್ನ ಶೀರ್ಷಿಕೆ ಮೂರು ಸಾಲಾಯಿತು. ಫೋಟೊ, ಹೆಸರು ಎರಡೂ ಇದ್ದ ಆ ಡಬ್ಬಿ ಅಕ್ಕಪಕ್ಕದವಕ್ಕಿಂತ ಉದ್ದವಾಗಿ ಕೆಳಗೆ ಇಳಿಯಿತು. ಮುಂದಿನ ಸಾಲಿನ ಫೋಟೊ ಬಂದು ಅದಕ್ಕೆ ತಗುಲಿ ನಿಂತಿತು. ಎಡಗಡೆ ಖಾಲಿ ಜಾಗ. ಪಂಕ್ತಿಯಲ್ಲಿ ಒಬ್ಬರು ಕಾಲು ಚಾಚಿ ಕೂತರೆ ಹೀಗೇ ಅಲ್ಲವೇ?

ಆಮೇಲೆ ‘ಇನ್‌ಲೈನ್ ಬ್ಲಾಕ್’. ತಗುಲುವುದು ತಪ್ಪಿತು. ಆದರೆ ತಲಾ 25 ಪರ್ಸೆಂಟ್ ಅಗಲ ಕೊಟ್ಟರೂ ನಾಲ್ಕನೆಯದು ಕೆಳಕ್ಕೆ ಬೀಳುತ್ತಿತ್ತು. ಒಂದಿಡೀ ಸಂಜೆ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು: ಕೋಡಿನಲ್ಲಿ ಓದಲು ಸಲೀಸಾಗಲಿ ಎಂದು ನಾನು ಒತ್ತಿದ್ದ ಎಂಟರ್ ಕೀಗಳೇ ಪುಟದಲ್ಲಿ ಸಣ್ಣ ಸಣ್ಣ ಸಂದುಗಳಾಗಿದ್ದವು.

2017ರ ಮಾರ್ಚಿನಲ್ಲಿ ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮೂರೂ ಬ್ರೌಸರುಗಳಿಗೆ ‘ಗ್ರಿಡ್’ ಎಂಬ ಹೊಸ ವಿಧಾನ ಬಂತು. ಅದಕ್ಕೆ ನಾನು ಹೇಳಿದ್ದು ಇಷ್ಟೇ: ಒಂದೊಂದು ಫೋಟೊಗೆ ಕನಿಷ್ಠ 150 ಪಿಕ್ಸೆಲ್ ಅಗಲ ಇರಲಿ, ನಡುವೆ 10 ಬಿಡು, ಹಿಡಿಸುವಷ್ಟು ಕೂರಿಸು. 360 ಪಿಕ್ಸೆಲ್ಲಿನ ಮೊಬೈಲಿನಲ್ಲಿ ಸಾಲಿಗೆ ಎರಡು, ನನ್ನ ಹಳೇ ಮಾನಿಟರಿನಲ್ಲಿ ಆರು. ಫೋಟೊಗಳ ಕ್ರಮ ಹೇಳುವುದು ನನ್ನ ಕೆಲಸ, ಸಾಲಿಗೆ ಎಷ್ಟು ಎನ್ನುವುದು ನೋಡುವವರ ಪರದೆಯ ಕೆಲಸ. ಇಷ್ಟು ವರ್ಷ ಎರಡನ್ನೂ ನಾನೇ ಹೊತ್ತುಕೊಂಡಿದ್ದೆ.

ಅಲ್ಲೂ ಎಡವಿದೆ. ಎಲ್ಲವೂ ಒಂದೇ ಅಳತೆಗೆ ಬರಲಿ ಎಂದು ‘ಆಬ್ಜೆಕ್ಟ್ ಫಿಟ್ ಕವರ್’ ಹಾಕಿದರೆ ಈಶ್ವರ ಗುಡಿಯ ಎತ್ತರದ ಕಂಬಗಳಿಗೆ ಬುಡವೂ ಇಲ್ಲ, ಬೋದಿಗೆಯೂ ಇಲ್ಲ. ಅವಕ್ಕೆ ಮಾತ್ರ ‘ಕಂಟೇನ್’ ಕೊಟ್ಟೆ. ಪಕ್ಕದಲ್ಲಿ ಖಾಲಿ ಉಳಿದರೂ ಕಂಬ ಪೂರ್ತಿ ಕಾಣಲಿ. ಪ್ರತಿ ಫೋಟೊದ ಅಗಲ, ಎತ್ತರ ಮೊದಲೇ ಬರೆದಿಟ್ಟ ಮೇಲೆ, ನೆಟ್ ನಿಧಾನವಿದ್ದಾಗ ಪುಟ ಕುಣಿಯುವುದೂ ನಿಂತಿತು.

ಟೇಬಲ್ ಮೇಲಿನ ಸಿಟ್ಟಿನಲ್ಲಿ ಇನ್ನೊಂದು ಎಡವಟ್ಟೂ ಮಾಡಿದ್ದೆ. ಅದೇ ಪುಟದಲ್ಲಿದ್ದ ದಾವಣಗೆರೆ–ಹರಿಹರ ಬಸ್ಸಿನ ವೇಳಾಪಟ್ಟಿಯನ್ನೂ ಡಬ್ಬಿಗಳಾಗಿ ಒಡೆದೆ. ಮೊಬೈಲಿನಲ್ಲಿ ಹೊರಡುವ ಹೊತ್ತು ಒಂದು ಕಡೆ, ಊರು ಇನ್ನೊಂದು ಕಡೆ. ತೆಪ್ಪಗೆ ಟೇಬಲ್ ವಾಪಸ್ ತಂದೆ. ಅಡ್ಡ ಓದಿದರೂ ಅರ್ಥ, ಉದ್ದ ಓದಿದರೂ ಅರ್ಥ ಇರುವಲ್ಲಿ ಅದೇ ಸರಿ. ಗ್ಯಾಲರಿಯಲ್ಲಿ ಒಂದರ ಕೆಳಗೆ ಇನ್ನೊಂದು ಫೋಟೊ ಬಂದದ್ದಕ್ಕೆ ಏನರ್ಥ?

ಕಳೆದ ಶ್ರಾವಣದಲ್ಲಿ ಕಾರ್ಣಿಕದ ಮೂರು ಹೊಸ ಫೋಟೊ ನಡುವೆ ಸೇರಿಸಿದೆ. ಐದು ನಿಮಿಷದ ಕೆಲಸ. ಆದರೂ ಅಭ್ಯಾಸಬಲ, ಮಲಗುವ ಮುಂಚೆ ಮೊಬೈಲಿನಲ್ಲಿ ಒಮ್ಮೆ ನೋಡಿದೆ. ಬಸವಣ್ಣ ಎರಡು ಸಾಲು ಕೆಳಗೆ ಸರಿದಿದ್ದ, ತನ್ನ ಹೆಸರನ್ನೂ ಜೊತೆಗೆ ಕರೆದುಕೊಂಡು.