‘ಇಂಟರೆಸ್ಟ್’: ಒಂದು ಪದವಿಚಾರ

ಇಂಗ್ಲಿಷಿನ ಕಠಿನ ಪದಗಳನ್ನು ಕಂಡಾಗ ನಾವು ನಿಘಂಟನ್ನು ತೆರೆಯುತ್ತೇವೆ. ಸುಲಭವೆಂದು ತೋರುವ ಪದಗಳಿಗೆ ಆ ಮರ್ಯಾದೆಯನ್ನು ಸಲ್ಲಿಸುವುದಿಲ್ಲ. ‘ಇಂಟರೆಸ್ಟ್’ ಎಂಬುದು ಅಂಥ ಒಂದು ಪದ. ತರಗತಿಯಲ್ಲಿ, ವೃತ್ತಪತ್ರಿಕೆಯಲ್ಲಿ, ನ್ಯಾಯಾಲಯದಲ್ಲಿ, ಬ್ಯಾಂಕಿನಲ್ಲಿ ಇದನ್ನು ದಿನವೂ ಕೇಳುತ್ತೇವೆ. ಆದರೆ ಎಲ್ಲ ಕಡೆಯಲ್ಲಿಯೂ ಅದರ ಅರ್ಥ ಒಂದೇ ಅಲ್ಲ. ಈ ಪದವನ್ನು ಅರೆಬರೆಯಾಗಿ ತಿಳಿದುದಕ್ಕಾಗಿ ನಮ್ಮ ಮನೆಯವರು ಬೆಲೆ ತೆತ್ತಿದ್ದಾರೆ. ಅದನ್ನು ಕಡೆಯಲ್ಲಿ ಹೇಳುತ್ತೇನೆ. ಮೊದಲು ಪದದ ವಿಚಾರ.

ಇದರ ಮೂಲ ಲ್ಯಾಟಿನ್ ಭಾಷೆಯಲ್ಲಿದೆ. ‘ಇಂಟರ್’ ಎಂದರೆ ನಡುವೆ, ‘ಎಸ್ಸೆ’ ಎಂದರೆ ಇರುವುದು. ಎರಡೂ ಕೂಡಿ ‘ನಡುವೆ ಇರುವುದು’ ಎಂದಾಯಿತು. ಎರಡು ವಸ್ತುಗಳ ನಡುವೆ ಇರುವುದು ವ್ಯತ್ಯಾಸ. ಯಾವುದರಿಂದ ನಮಗೆ ವ್ಯತ್ಯಾಸವಾಗುತ್ತದೆಯೋ ಅದು ನಮಗೆ ಸಂಬಂಧಪಟ್ಟುದು, ಮುಖ್ಯವಾದುದು. ಇಲ್ಲಿಂದ ಮುಂದೆ ಪದವು ಮೂರು ಕವಲಾಗಿ ಬೆಳೆಯಿತು. ಕನ್ನಡದಲ್ಲಿ ಆ ಮೂರಕ್ಕೂ ಬೇರೆ ಬೇರೆ ಮಾತುಗಳಿವೆ: ಆಸಕ್ತಿ, ಹಿತ, ಬಡ್ಡಿ.

ಮೊದಲನೆಯದು ಆಸಕ್ತಿ. ‘ಐ ಆಮ್ ಇಂಟರೆಸ್ಟೆಡ್ ಇನ್ ಹಿಸ್ಟರಿ’ ಎಂದರೆ ನನಗೆ ಚರಿತ್ರೆಯಲ್ಲಿ ಆಸಕ್ತಿ ಇದೆ ಎಂದರ್ಥ. ನಮ್ಮಲ್ಲಿ ಅನೇಕರು ಇದನ್ನು ‘ಐ ಆಮ್ ಇಂಟರೆಸ್ಟಿಂಗ್ ಇನ್ ಹಿಸ್ಟರಿ’ ಎಂದು ಬರೆದು ಕೆಂಪು ಗೆರೆ ಹಾಕಿಸಿಕೊಂಡಿದ್ದೇವೆ. ಆಸಕ್ತಿಯನ್ನು ಹುಟ್ಟಿಸುವುದು ‘ಇಂಟರೆಸ್ಟಿಂಗ್’, ಆಸಕ್ತಿ ಹುಟ್ಟಿದವನು ‘ಇಂಟರೆಸ್ಟೆಡ್’. ಪಾಠವು ಇಂಟರೆಸ್ಟಿಂಗ್ ಆಗಿದ್ದರೆ ವಿದ್ಯಾರ್ಥಿಯು ಇಂಟರೆಸ್ಟೆಡ್ ಆಗುತ್ತಾನೆ. ‘ಇಂಟರೆಸ್ಟೆಡ್’ ಆದ ಮೇಲೆ ‘ಇನ್’ ಬರಬೇಕೆಂಬುದನ್ನೂ ನೆನಪಿಡಬೇಕು. ‘ಆಸಕ್ತಿ’ ಎಂಬ ಸಂಸ್ಕೃತ ಪದದ ಧಾತುವಿಗೆ ಅಂಟಿಕೊಳ್ಳುವುದೆಂಬ ಅರ್ಥವಿದೆ. ಇಂಗ್ಲಿಷು ನಡುವೆ ಇರುವುದನ್ನು ನೋಡಿದರೆ, ಸಂಸ್ಕೃತ ಮನಸ್ಸು ಅಂಟಿಕೊಳ್ಳುವುದನ್ನು ನೋಡಿತು.

ಎರಡನೆಯದು ಹಿತ. ‘ಪಬ್ಲಿಕ್ ಇಂಟರೆಸ್ಟ್ ಲಿಟಿಗೇಷನ್’ ಎಂದರೆ ಸಾರ್ವಜನಿಕರು ಕುತೂಹಲದಿಂದ ನೋಡುವ ಮೊಕದ್ದಮೆಯಲ್ಲ. ಸಾರ್ವಜನಿಕರ ಹಿತಕ್ಕಾಗಿ ಹೂಡಿದ ಮೊಕದ್ದಮೆ. ಆದುದರಿಂದಲೇ ಪತ್ರಿಕೆಗಳು ‘ಸಾರ್ವಜನಿಕ ಹಿತಾಸಕ್ತಿ ಅರ್ಜಿ’ ಎಂದು ಬರೆಯುತ್ತವೆ. ‘ವೆಸ್ಟೆಡ್ ಇಂಟರೆಸ್ಟ್’ ಎಂಬುದು ‘ಪಟ್ಟಭದ್ರ ಹಿತಾಸಕ್ತಿ’ ಆಗಿದೆ. ಜಮೀನಿನ ಪತ್ರದಲ್ಲಿ ಒಬ್ಬನಿಗೆ ‘ಇಂಟರೆಸ್ಟ್’ ಇದೆಯೆಂದಿದ್ದರೆ ಅವನಿಗೆ ಅದರಲ್ಲಿ ಹಕ್ಕು ಅಥವಾ ಪಾಲು ಇದೆಯೆಂದು ತಿಳಿಯಬೇಕೇ ಹೊರತು, ಬೇಸಾಯದಲ್ಲಿ ಆಸಕ್ತಿ ಇದೆಯೆಂದಲ್ಲ. ಇಲ್ಲಿಯೇ ಇನ್ನೊಂದು ಸೂಕ್ಷ್ಮವಿದೆ. ‘ಅನ್‌ಇಂಟರೆಸ್ಟೆಡ್’ ಎಂದರೆ ಆಸಕ್ತಿ ಇಲ್ಲದವನು. ‘ಡಿಸ್‌ಇಂಟರೆಸ್ಟೆಡ್’ ಎಂದರೆ ಸ್ವಂತ ಲಾಭವಿಲ್ಲದೆ ನಿಷ್ಪಕ್ಷಪಾತವಾಗಿರುವವನು. ನ್ಯಾಯಾಧೀಶರು ಎರಡನೆಯ ಬಗೆಯವರಾಗಿರಬೇಕು. ಮೊದಲನೆಯ ಬಗೆಯವರಾದರೆ ಕಕ್ಷಿಗಾರನ ಗತಿಯೇನು?

ಮೂರನೆಯದು ಬಡ್ಡಿ. ಮಧ್ಯಯುಗದ ಯೂರೋಪಿನಲ್ಲಿ ಕ್ರೈಸ್ತ ಧರ್ಮಸಭೆಯು ಸಾಲಕ್ಕೆ ಬಡ್ಡಿ ಪಡೆಯುವುದನ್ನು ಪಾಪವೆಂದು ನಿಷೇಧಿಸಿತ್ತು. ಆದರೆ ಸಾಲಗಾರನು ವಾಯಿದೆಗೆ ಸರಿಯಾಗಿ ಹಣವನ್ನು ಹಿಂದಿರುಗಿಸದಿದ್ದರೆ, ಅದರಿಂದ ಕೊಟ್ಟವನಿಗಾದ ನಷ್ಟವನ್ನು ತುಂಬಿಕೊಡಬೇಕೆಂದು ಕೇಳಬಹುದಾಗಿತ್ತು. ಹಣ ಬಂದಿದ್ದರೆ ಇರುತ್ತಿದ್ದ ಸ್ಥಿತಿಗೂ ಬಾರದೆ ಇರುವ ಸ್ಥಿತಿಗೂ ನಡುವಣ ಈ ವ್ಯತ್ಯಾಸಕ್ಕೆ ‘ಇಂಟರೆಸ್ಸೆ’ ಎಂದು ಹೆಸರಾಯಿತು. ಕಾಲಕ್ರಮದಲ್ಲಿ ಎಲ್ಲ ಬಡ್ಡಿಗೂ ಆ ಹೆಸರೇ ನಿಂತಿತು. ಇಂಗ್ಲೆಂಡಿನಲ್ಲಿ ಎಂಟನೆಯ ಹೆನ್ರಿಯ ಕಾಲದಲ್ಲಿ, ೧೫೪೫ರಲ್ಲಿ, ವರ್ಷಕ್ಕೆ ನೂರಕ್ಕೆ ೧೦ರ ವರೆಗೆ ಬಡ್ಡಿಗೆ ಕಾನೂನು ಅನುಮತಿ ಕೊಟ್ಟಿತು. ೧೫೫೨ರಲ್ಲಿ ಅದು ರದ್ದಾಗಿ, ೧೫೭೧ರಲ್ಲಿ ಮರಳಿ ಬಂದಿತು. ಷೇಕ್ಸ್‌ಪಿಯರನ ‘ಮರ್ಚೆಂಟ್ ಆಫ್ ವೆನಿಸ್’ ನಾಟಕ ಇದಾದ ಮೇಲಿನದು. ಆಂಟೋನಿಯೋ ಬಡ್ಡಿಯಿಲ್ಲದೆ ಸಾಲ ಕೊಡುತ್ತಾನೆಂಬುದೇ ಷೈಲಾಕನ ದ್ವೇಷಕ್ಕೆ ಒಂದು ಕಾರಣ. ೩,೦೦೦ ಡಕೆಟ್ ನಾಣ್ಯ ಕೊಡುವಾಗ ಷೈಲಾಕನು ಬಡ್ಡಿ ಕೇಳದೆ ಒಂದು ಪೌಂಡು ಮಾಂಸವನ್ನು ಪತ್ರದಲ್ಲಿ ಬರೆಸಿಕೊಂಡ. ಆ ಪತ್ರವನ್ನು ಅಕ್ಷರ ಬಿಡದೆ ಓದಿದ ಪೋರ್ಷಿಯಾಳಿಂದ ಆಂಟೋನಿಯೋ ಬದುಕಿದ.

ನಮ್ಮ ಮನೆಯ ಪತ್ರವನ್ನು ಓದಿದವನು ನಾನು. ನಾನು ಮೊದಲನೆಯ ವರ್ಷದ ಬಿ.ಎ.ಯಲ್ಲಿದ್ದಾಗ ಅಪ್ಪ ಬಿತ್ತನೆಯ ಖರ್ಚಿಗೆಂದು ಅವ್ವನ ಸರವನ್ನು ಅಡವಿಟ್ಟು ೨೦,೦೦೦ ರೂಪಾಯಿ ಸಾಲ ಪಡೆಯಲು ಹೊರಟರು. ಸಾಲ ಕೊಡುವವರ ಚೀಟಿ ಇಂಗ್ಲಿಷಿನಲ್ಲಿತ್ತು. “ಮಗಾ, ಇದರಾಗೆ ಏನು ಬರೆದವ್ರೆ ನೋಡು” ಎಂದು ಕೈಗೆ ಕೊಟ್ಟರು. ‘ಇಂಟರೆಸ್ಟ್ ೩ ಪರ್ಸೆಂಟ್ ಪಿ.ಎಂ., ಕಾಂಪೌಂಡೆಡ್’ ಎಂದಿತ್ತು. ‘ಪಿ.ಎಂ.’ ಎಂಬುದನ್ನು ನಾನು ಬಸ್ಸಿನ ವೇಳಾಪಟ್ಟಿಯಲ್ಲಿ ಮಾತ್ರ ಕಂಡಿದ್ದೆ. ಅದನ್ನು ಬಿಟ್ಟೆ. ‘ಕಾಂಪೌಂಡೆಡ್’ ತಿಳಿಯಲಿಲ್ಲ, ಅದನ್ನೂ ಬಿಟ್ಟೆ. “ನೂರಕ್ಕೆ ಮೂರೇ ರೂಪಾಯಿ ಅಪ್ಪಾ, ಬ್ಯಾಂಕಿಗಿಂತ ಕಡಿಮೆ” ಎಂದೆ. ಕಾಲೇಜು ಓದುವ ಮಗ ಹೇಳಿದನೆಂದು ಅಪ್ಪ ರುಜು ಹಾಕಿದರು.

‘ಪಿ.ಎಂ.’ ಎಂದರೆ ‘ಪರ್ ಮೆನ್ಸೆಮ್’, ತಿಂಗಳಿಗೆ. ‘ಪಿ.ಎ.’ ಎಂದಿದ್ದರೆ ‘ಪರ್ ಆನಮ್’, ವರ್ಷಕ್ಕೆ. ತಿಂಗಳಿಗೆ ನೂರಕ್ಕೆ ೩ ಎಂದರೆ ಸರಳ ಬಡ್ಡಿಯಲ್ಲಿಯೇ ವರ್ಷಕ್ಕೆ ೩೬. ‘ಕಾಂಪೌಂಡೆಡ್’ ಎಂದರೆ ಚಕ್ರಬಡ್ಡಿ: ಕಟ್ಟದೆ ಉಳಿದ ಬಡ್ಡಿ ಪ್ರತಿ ತಿಂಗಳೂ ಅಸಲಿಗೆ ಸೇರಿ, ಅದಕ್ಕೂ ಬಡ್ಡಿ ಬೆಳೆಯುತ್ತದೆ. ಹೀಗೆ ೨೦,೦೦೦ ರೂಪಾಯಿ ಒಂದು ವರ್ಷಕ್ಕೆ ೨೮,೫೧೫ ಆಗುತ್ತದೆ. ಎರಡು ವರ್ಷ ಬಿಟ್ಟರೆ ೪೦,೬೫೬, ಎಂದರೆ ಅಸಲಿನ ಎರಡರಷ್ಟಕ್ಕೂ ಹೆಚ್ಚು. ಕನ್ನಡದ ‘ಬಡ್ಡಿ’ ಬಂದಿರುವುದು ‘ವೃದ್ಧಿ’ ಎಂಬ ಪದದಿಂದ. ಬೆಳೆಯುವುದೇ ಅದರ ಗುಣ. ಇದಿಷ್ಟೂ ನನಗೆ ತಿಳಿದದ್ದು ಒಂದು ವರ್ಷದ ಮೇಲೆ, ಅಪ್ಪ ನನ್ನ ಲೆಕ್ಕದಂತೆ ೨೦,೬೦೦ ರೂಪಾಯಿ ತೆಗೆದುಕೊಂಡು ಹೋಗಿ ಸರವಿಲ್ಲದೆ ಹಿಂದಿರುಗಿದಾಗ.

ಅವರು ನನ್ನನ್ನು ಬೈಯಲಿಲ್ಲ. “ನೀನು ಸರಿಯಾಗೇ ಓದಿರ್ತೀಯ. ಚೀಟಿ ಬರೆದೋರೇ ಎಲ್ಲೋ ತಪ್ಪಿರಬೇಕು, ಇನ್ನೊಂದು ಸಲ ನೋಡು” ಎಂದರು. ಮರುದಿನ ಚೀಟಿಯನ್ನು ನಮ್ಮ ಇಂಗ್ಲಿಷ್ ಅಧ್ಯಾಪಕರಿಗೆ ತೋರಿಸಿದೆ. ಅವರು ಅರ್ಧ ಗಂಟೆ ಕುಳಿತು ಪ್ರತಿಯೊಂದು ಪದವನ್ನೂ ಬಿಡಿಸಿ ಹೇಳಿದರು. ಆ ಸಂಜೆ ಮನೆಗೆ ಹೋಗಿ, ತಪ್ಪು ನನ್ನದೆಂದು ಅಪ್ಪನಿಗೆ ಹೇಳಿದೆ. ಹಾಲು ಕೊಡುತ್ತಿದ್ದ ಹಸುವನ್ನು ಮಾರಿ ಸರವನ್ನು ಬಿಡಿಸಿಕೊಂಡು ಬಂದೆವು.

ಮಿತ್ರರೇ, ನಮ್ಮಲ್ಲಿ ಬಹುಮಂದಿ ತಮ್ಮ ಮನೆಗಳಲ್ಲಿ ಕಾಲೇಜು ಕಂಡ ಮೊದಲಿಗರು. ನಾವು ಓದಿ ಹೇಳಿದ್ದನ್ನು ಮನೆಯವರು ನಂಬಿ ರುಜು ಹಾಕುತ್ತಾರೆ. ಸಾಲದ ಕಾಗದದಲ್ಲಿ ‘ಇಂಟರೆಸ್ಟ್’ ಎಂದು ಕಂಡರೆ ಮೂರು ಪ್ರಶ್ನೆ ಕೇಳಿರಿ: ತಿಂಗಳಿಗೋ ವರ್ಷಕ್ಕೋ? ಸರಳವೋ ಚಕ್ರವೋ? ಒತ್ತೆಯಿಟ್ಟದ್ದು ಯಾವಾಗ ಕೈಬಿಡುತ್ತದೆ? ತಿಳಿಯದ ಪದವಿದ್ದರೆ ತಿಳಿಯದೆಂದೇ ಹೇಳಿರಿ. ಅಪ್ಪ ಈಗಲೂ ಕಾಗದಗಳನ್ನು ನನ್ನ ಕೈಗೇ ತಂದುಕೊಡುತ್ತಾರೆ. ನಾನು ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಓದುತ್ತೇನೆ.